ಹಿರಿಯರ ಮನೆಯ ಕ್ಷಮೆ

ಅಳಿಯ ಜೈಲಿನಿಂದ ಬಿಡುಗಡೆಯಾಗಿ ತಮ್ಮ ಮನೆಗೇ ಬರುತ್ತಾನೆಂಬ ಸುದ್ದಿ ಇಸ್ತ್ರಿಯಮ್ಮನಿಗೆ ತಿಳಿದದ್ದು ಸಭೆಯವರಿಗೆಲ್ಲ ತಿಳಿದಾಗಲೇ. ಭಾನುವಾರದ ಆರಾಧನೆಯಲ್ಲಿ ದೇವರು ತಮಗೆ ಮಾಡಿದ್ದನ್ನು ಎಲ್ಲರೆದುರು ಹೇಳುವ ಸಾಕ್ಷಿಯ ಹೊತ್ತಿಗೆ ಅವಳ ಗಂಡ ಎದ್ದು ನಿಂತ. ಕೋಟಿನ ಗುಂಡಿ ಸರಿಮಾಡಿಕೊಂಡ. ಕುಡಿದು ವ್ಯಾನು ಓಡಿಸಿ ತನ್ನ ಒಬ್ಬಳೇ ಮಗಳ ಪ್ರಾಣ ತೆಗೆದವನನ್ನು ತಾನು ಮನಸಾರೆ ಕ್ಷಮಿಸಿರುವುದಾಗಿಯೂ, ಬರುವ ವಾರ ಅವನನ್ನು ಕರೆತಂದು ಮನೆಯಲ್ಲೇ ಇಟ್ಟುಕೊಳ್ಳುವುದಾಗಿಯೂ ಹೇಳಿದ. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಸ್ತೋತ್ರ ಎಂದರು, ಮುಂದಿನವರು ಕಣ್ಣೊರೆಸಿಕೊಂಡರು, ಪಾಸ್ಟರು ಇಳಿದು ಬಂದು ಅವನನ್ನು ತಬ್ಬಿಕೊಂಡರು. ಆ ತಿಂಗಳು ಪಾಸ್ಟರು ಪ್ರಸಂಗ ಮಾಡುತ್ತಿದ್ದುದೇ ವಿಶ್ವಾಸದಲ್ಲಿ ಬೆಳೆಯುವುದರ ಬಗ್ಗೆ. ಇಷ್ಟು ವರ್ಷವಾದರೂ ನೀವೆಲ್ಲ ಇನ್ನೂ ತೊಟ್ಟಿಲ ಕೂಸುಗಳೇ ಎಂದು ವಾರವಾರ ಬೈಯುತ್ತಿದ್ದ ಅವರಿಗೆ ಕೊನೆಗೂ ಬೆರಳು ಮಾಡಿ ತೋರಿಸಲು ಒಬ್ಬ ಸಿಕ್ಕಿದ್ದ. ಬೆಳೆದ ವಿಶ್ವಾಸಿ ಎಂದರೆ ಹೀಗಿರಬೇಕು ಎಂದರು.

ಹೆಂಗಸರ ಕಡೆ ಕೂತಿದ್ದ ಇಸ್ತ್ರಿಯಮ್ಮನ ಕೈಯನ್ನು ಪಕ್ಕದವಳು ಹಿಡಿದು ಅದುಮಿದಳು. ಇವಳ ಕೈ ಮರದ ಕೊರಡಿನಂತಿತ್ತು.

ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸ ಮಾಡಿ ಮಾಡಿ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು. ಗಂಡನದು ಬೀದಿ ಮೂಲೆಯಲ್ಲಿ ಕ್ಷೌರದಂಗಡಿ. ಸಭೆಯಲ್ಲಿ ಅವನು ಹಿರಿಯ, ಹಾಗಾಗಿ ಗಿರಾಕಿಗಳ ಬಾಯಲ್ಲೂ ಅವನು ಹಿರಿಯರೇ. ಅಂಗಡಿಯ ಹಿಂದೆ ಮೂರು ಕೋಣೆಯ ಮನೆ. ಅದರಲ್ಲಿ ಹಿರಿಯರ ಮುದಿ ತಾಯಿ ಮತ್ತು ತಾಯಿಲ್ಲದ ಮೊಮ್ಮಗಳು ಗುಬ್ಬಿ. ತಾಯಿ ಸತ್ತಾಗ ಹಾಲುಹಲ್ಲು ಉದುರುತ್ತಿದ್ದ ಗುಬ್ಬಿ ಈಗ ಅಜ್ಜಿಯ ಭುಜಕ್ಕೆ ಬಂದಿದ್ದಳು.

ಮನೆಗೆ ಬಂದು ಇಸ್ತ್ರಿಯಮ್ಮ ಒಲೆ ಹಚ್ಚಿದಳು. ಈರುಳ್ಳಿ ಹೆಚ್ಚುತ್ತಾ ಕೇಳಿದಳು.

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ ನಿಮಗೆ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಬೇಡ ಅನ್ನೋಕೆ ನನಗೆ ಹಕ್ಕಿಲ್ವಾ? ಅವಳನ್ನ ಹೆತ್ತೋಳು ನಾನು."

ಅದು ಹಕ್ಕಿನ ಮಾತಲ್ಲ, ಕರ್ತನ ಮಾತು ಎಂದು ಹಿರಿಯರು ಸಮಾಧಾನದಿಂದಲೇ ಹೇಳಿದರು. ಅವರು ಹಾಗೆ ಸಮಾಧಾನದಿಂದ ಮಾತಾಡಿದಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಈಳಿಗೆಯನ್ನು ಪಕ್ಕಕ್ಕೆ ತಳ್ಳಿ ಎದ್ದಳು.

"ಸರಿ ಬಿಡಿ. ಕ್ಷಮಿಸೋರು ನೀವು. ಬೇಯಿಸಿ ಹಾಕೋಳು ನಾನು."

ಒಳಗಿನ ಕೋಣೆಯಿಂದ ಮುದುಕಿ, ಏನದು ಜಗಳ, ಅಡುಗೆ ಆಯಿತೇ ಎಂದು ಕೂಗಿ ಕೇಳಿತು. ಅದಕ್ಕೆ ಕಿವಿ ಮಂದವಾಗಿದ್ದರೂ ಹಸಿವು ಚುರುಕಾಗಿತ್ತು.

ಅಳಿಯ ಬಂದ. ಬೇಕರಿಯ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ ಕಾಲದಲ್ಲಿ ದುಂಡುದುಂಡಗಿದ್ದವನು ಈಗ ಹ್ಯಾಂಗರಿಗೆ ಹಾಕಿದ ಅಂಗಿಯಂತಿದ್ದ. ಎಡಗಾಲು ಕುಂಟುತ್ತಿತ್ತು. ಅಂಗಡಿಯ ಮುರಿದ ಕುರ್ಚಿ, ಹಳೇ ಕನ್ನಡಿ ತುಂಬಿದ್ದ ಕೋಣೆಯಲ್ಲಿ ಅವನಿಗೊಂದು ಚಾಪೆ ಹಾಸಿಕೊಟ್ಟರು. ಗುಬ್ಬಿ ಅಂದಿನಿಂದ ಊಟವನ್ನು ಅಡುಗೆಮನೆಯಲ್ಲೇ, ಗೋಡೆಗೆ ಮುಖ ಮಾಡಿ ಮಾಡತೊಡಗಿದಳು. ಇಸ್ತ್ರಿಯಮ್ಮ ಅವನಿಗೆ ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದಳು, ತಟ್ಟೆಯನ್ನು ಮಾತ್ರ ನೆಲಕ್ಕೆ ಕುಕ್ಕುತ್ತಿದ್ದಳು. ಇನ್ನೊಂಚೂರು ಬೇಕೇ ಎಂದು ಒಂದು ದಿನವೂ ಕೇಳಲಿಲ್ಲ. ಅವನೂ ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಅವನೊಂದಿಗೆ ಮನುಷ್ಯರಂತೆ ಮಾತಾಡಿದ್ದು ಮುದುಕಿ ಒಂದೇ.

"ಜೈಲಲ್ಲಿ ಊಟ ಹೇಗಿತ್ತಪ್ಪಾ?"

"ಉಪ್ಪೇ ಇರ್ತಿರಲಿಲ್ಲ ಅಜ್ಜಿ."

"ಇಲ್ಲೂ ನನಗೆ ಉಪ್ಪು ಹಾಕಲ್ಲ ಇವರು. ಡಾಕ್ಟ್ರು ಬೇಡ ಅಂದಿದಾನಂತೆ."

ಅವನು ನಕ್ಕ. ಅಡುಗೆಮನೆಯಲ್ಲಿ ಆ ನಗು ಕೇಳಿ ಇಸ್ತ್ರಿಯಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ನಗುವ ಬಾಯಿ ಅವನಿಗಿನ್ನೂ ಉಳಿದಿದೆಯಲ್ಲ ಎಂದುಕೊಂಡಳು.

ವಾರಗಳು ಉರುಳಿದವು. ಹಿರಿಯರ ಹೆಸರು ನಾಲ್ಕು ಕಡೆ ಹಬ್ಬಿತು. ಬೇರೆ ಸಭೆಗಳವರು ಕರೆಸಿ ಅವರಿಂದ ಸಾಕ್ಷಿ ಹೇಳಿಸಿದರು. ಕೆಲವರು ಮನೆಗೇ ಬಂದರು. ಬಂದವರು ಹಿರಿಯರ ಮಾತು ಕೇಳುತ್ತಾ ಕೇಳುತ್ತಾ ಅಳಿಯನ ಕಡೆ ಕಣ್ಣು ಹೊರಳಿಸುವರು. ಅವನು ಮೂಲೆಯ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿರಬೇಕು. ಪ್ರತಿ ಸಲವೂ ಹಿರಿಯರು ವ್ಯಾನು ಸೇತುವೆಯ ಗೋಡೆಗೆ ಬಡಿದದ್ದರಿಂದ ಶುರುಮಾಡಿ, ಆಸ್ಪತ್ರೆಯ ಬಾಗಿಲಲ್ಲಿ ತಾವು ಕುಸಿದದ್ದನ್ನು ದಾಟಿ, ಅವನ ಹೆಗಲ ಮೇಲೆ ಕೈಯಿಟ್ಟು ಮುಗಿಸುತ್ತಿದ್ದರು. ಇಸ್ತ್ರಿಯಮ್ಮ ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದಳು. ಮಗಳ ಸಾವು ಬಂದವರ ಚಹಾಕ್ಕೆ ನೆಂಚಿಕೊಳ್ಳುವ ಬಿಸ್ಕತ್ತಾಯಿತೇ ಎಂದು ಒಮ್ಮೆ ಗಂಡನ ಮುಖಕ್ಕೇ ಹೇಳಿದಳು. ಅವರು ಅವಳಿಗಾಗಿ ಪ್ರಾರ್ಥಿಸುತ್ತೇನೆ ಎಂದರು. ಅವತ್ತು ಅವಳು ಊಟ ಬಿಟ್ಟಳು.

ಅಳಿಯ ಮಾತ್ರ ಕೂತಲ್ಲಿ ಕೂರುತ್ತಿರಲಿಲ್ಲ. ಕಟ್ಟಿಕೊಂಡ ಮೋರಿ ಬಿಡಿಸಿದ, ಸೋರುವ ನಲ್ಲಿ ರಿಪೇರಿ ಮಾಡಿದ, ಮುದುಕಿಯ ಮಂಚದ ಕಾಲಿಗೆ ಮೊಳೆ ಹೊಡೆದ. ಒಂದು ದಿನ ಅವಳು ಹಿತ್ತಲಲ್ಲಿ ಬಟ್ಟೆ ಹರವುವಾಗ ಒದ್ದೆ ಬಟ್ಟೆಯ ಬಕೆಟ್ಟು ಹೊತ್ತು ತಂದಿಟ್ಟು, ಹೋಗದೆ ಅಲ್ಲೇ ನಿಂತ.

"ಅತ್ತೆ, ನೀವು ಒಂದು ಸಲ ಬೈದುಬಿಡಿ."

ಅವಳು ಹಗ್ಗಕ್ಕೆ ಕ್ಲಿಪ್ಪು ಸಿಕ್ಕಿಸುತ್ತಲೇ ಇದ್ದಳು.

"ಮಾವ ದಿನಾ ಕ್ಷಮಿಸ್ತಾರೆ. ಬೆಳಗ್ಗೆ ಎದ್ದರೆ ಕ್ಷಮೆ, ಯಾರಾದ್ರೂ ಬಂದ್ರೆ ಕ್ಷಮೆ. ಅದನ್ನ ತಡ್ಕೊಳಕ್ಕಾಗ್ತಿಲ್ಲ. ನೀವು ತಟ್ಟೆ ಕುಕ್ತೀರಲ್ಲ, ಆಗಲೇ ನನಗೆ ಅನ್ನ ಇಳಿಯೋದು."

ಅವಳು ಬೈಯಲಿಲ್ಲ. ಬೈದರೆ ಅವನಿಗೆ ಹಗುರಾಗುತ್ತದೆಂದು ಗೊತ್ತಿತ್ತು. ಖಾಲಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಊರಾಚೆಯ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಜನ ಬೇಕಾಗಿದ್ದಾರೆಂದು ಪಾಸ್ಟರು ಹೇಳಿಕಳಿಸಿದರು. ಹೋಗುವ ಬೆಳಗ್ಗೆ ಹಿರಿಯರು, ಈ ಗಡ್ಡದಲ್ಲಿ ಹೋದರೆ ಕಳ್ಳನೆಂದು ಅಟ್ಟಿಬಿಡುತ್ತಾರೆ, ಅಂಗಡಿಗೆ ಬಾ, ನಾನೇ ಬೋಳಿಸುತ್ತೇನೆ ಎಂದರು. ಇಸ್ತ್ರಿಯಮ್ಮ ಅಂಗಡಿಯ ಒಗೆದ ಬಟ್ಟೆಗಳನ್ನು ಮಡಿಸಿ ಕೊಂಡೊಯ್ದಾಗ ಅಳಿಯ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದ್ದ. ಅರ್ಧ ಮುಖ ನುಣ್ಣಗಾಗಿತ್ತು, ಇನ್ನರ್ಧದಲ್ಲಿ ನೊರೆ. ಹಿರಿಯರ ಕತ್ತಿ ಅವನ ಗಂಟಲ ಉಬ್ಬಿನ ಕೆಳಗೆ ನಿಂತಿತ್ತು.

ಅದು ಅಲ್ಲಾಡಲಿಲ್ಲ. ಎಷ್ಟೋ ಸಾವಿರ ಕುತ್ತಿಗೆಗಳ ಮೇಲೆ ನೀರಿನಂತೆ ಹರಿದ ಕೈ ಅದು. ಕನ್ನಡಿಯಲ್ಲಿ ಅವಳು ಗಂಡನ ಮುಖ ನೋಡಿದಳು. ಮದುವೆಯಾದಾಗಿನಿಂದ ನೋಡಿದ ಮುಖ ಅದಾಗಿರಲಿಲ್ಲ.

"ರೀ," ಎಂದಳು.

ಹಿರಿಯರು ಕತ್ತಿಯನ್ನು ನೀರಿನ ಬಟ್ಟಲಿಗೆ ಹಾಕಿದರು. ಪರದೆ ಸರಿಸಿಕೊಂಡು ಒಳಗೆ ಹೋದರು. ಅವಳು ಹಿಂದೆಯೇ ಹೋದಾಗ ಅವರು ನೆಲದ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದರು.

"ಎಳೆದುಬಿಡ್ತಿದ್ದೆ ಕಣೆ," ಎಂದರು. "ನೀನು ಬರದಿದ್ರೆ ಎಳೆದುಬಿಡ್ತಿದ್ದೆ."

ಅವಳು ಪರದೆಯನ್ನು ಪೂರ್ತಿ ಎಳೆದು ಮುಚ್ಚಿದಳು.

"ನಾನು ಕ್ಷಮಿಸೇ ಇಲ್ಲ. ಒಂದು ದಿನವೂ ಇಲ್ಲ. ಬರೀ ಹೇಳ್ತಾ ಇದ್ದೆ. ಹೇಳ್ತಾ ಹೇಳ್ತಾ ಆಗಿಬಿಡುತ್ತೆ ಅಂದ್ಕೊಂಡಿದ್ದೆ."

ಅವಳು ಅಂಗಡಿಗೆ ಬಂದಾಗ ಅಳಿಯ ಹಾಗೇ ಕೂತಿದ್ದ. ಓಡಿಹೋಗಬಹುದಿತ್ತು, ಹೋಗಿರಲಿಲ್ಲ. ಕಣ್ಣು ಮುಚ್ಚಿಯೇ ಇತ್ತು, ಕುತ್ತಿಗೆ ತೆರೆದೇ ಇತ್ತು. ಅವನು ಆ ಕತ್ತಿಗಾಗಿಯೇ ಕಾಯುತ್ತಿದ್ದಾನೆಂದು ಅವಳಿಗೆ ಹೊಳೆಯಿತು. ಗಿರಾಕಿಯೊಬ್ಬ ಬಾಗಿಲಲ್ಲಿ ಇಣುಕಿ, ಹಿರಿಯರಿಲ್ಲವೇ ಎಂದ. ಆಮೇಲೆ ಬನ್ನಿ ಎಂದು ಬಾಗಿಲು ಎಳೆದುಕೊಂಡಳು. ಕತ್ತಿಯನ್ನು ಮುಟ್ಟಲಿಲ್ಲ. ಡ್ರಾಯರಿನಲ್ಲಿದ್ದ ಬ್ಲೇಡಿನ ಸಣ್ಣ ರೇಜರು ತೆಗೆದಳು. ನೊರೆ ಒಣಗಿತ್ತು, ಬ್ರಷ್ಷಿಗೆ ಸೋಪು ತಿಕ್ಕಿ ಮತ್ತೆ ಹಚ್ಚಿದಳು. ಅವನು ಬಂದಾಗಿನಿಂದ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು. ದವಡೆಯ ಕೆಳಗೆ ಆ ದಿನದ ಗಾಯದ ಕಲೆ ಉಬ್ಬಿಕೊಂಡಿತ್ತು. ಮಗಳ ಮೈಮೇಲೆ ಎಲ್ಲೆಲ್ಲಿ ಗಾಯವಿತ್ತೆಂಬುದನ್ನು ಅವಳೇ ತೊಳೆದು ನೋಡಿದ್ದಳು. ಬೇಡವೆಂದರೂ ಅವೆಲ್ಲ ಕಣ್ಣ ಮುಂದೆ ಬಂದವು. ಎರಡು ಕಡೆ ಕೊಯ್ದು ರಕ್ತ ಬಂತು. ರಕ್ತ ನಿಲ್ಲಲು ಪಟಿಕದ ಕಲ್ಲು ಉಜ್ಜಿದಳು. ಮನಸ್ಸಿನಲ್ಲಿ ದಯೆ ಹುಟ್ಟೀತೇನೋ ಎಂದು ಕಾದಳು. ಏನೂ ಹುಟ್ಟಲಿಲ್ಲ. ಕೆಲಸ ಮುಗಿದಾಗ ಟವೆಲು ಅವನ ಮಡಿಲಿಗೆ ಎಸೆದು, "ಹೊತ್ತಾಯ್ತು, ಹೋಗು," ಎಂದಳು.

ಆ ದಿನ ಹಿರಿಯರು ಅಂಗಡಿಯ ಬಾಗಿಲು ಮತ್ತೆ ತೆಗೆಯಲಿಲ್ಲ. ಮರುದಿನವೂ ಇಲ್ಲ. ಭಾನುವಾರ ಕೋಟು ಮೊಳೆಯಲ್ಲೇ ನೇತಾಡಿತು. ಗೋಡೆಗೆ ಮುಖ ಮಾಡಿ ಮಲಗಿದವರು ಎದ್ದರೆ ಮಾತಾಡುತ್ತಿದ್ದುದು ಒಂದೇ ವಿಷಯ. ಅವನನ್ನು ಕಳಿಸಿಬಿಡು.

"ನಿನಗೆ ಮೊದಲೇ ಬೇಡವಾಗಿತ್ತಲ್ಲ. ಈಗ ನಾನೂ ಹೇಳ್ತಿದೀನಿ. ಕಳಿಸು."

"ಎಲ್ಲಿಗೆ?"

"ಎಲ್ಲಿಗಾದ್ರೂ ಹಾಳಾಗಿ ಹೋಗಲಿ."

"ಕರ್ಕೊಂಡು ಬಂದಿದ್ದು ನೀವು. ಹೊರಗೆ ದಬ್ಬೋ ಕೆಲಸವನ್ನೂ ನನ್ನ ತಲೆಗೆ ಕಟ್ಟಬೇಡಿ."

ಹೇಳಿ ಮುಗಿಸಿದ ಮೇಲೆ ಅವಳಿಗೇ ಅಚ್ಚರಿಯಾಯಿತು. ಇಷ್ಟು ದಿನ ಯಾವ ಮಾತಿಗಾಗಿ ಹಲ್ಲು ಕಚ್ಚಿ ಕಾದಿದ್ದಳೋ ಆ ಮಾತನ್ನು ಗಂಡನೇ ಆಡುತ್ತಿದ್ದ, ತಾನು ತಲೆಯಾಡಿಸುತ್ತಿರಲಿಲ್ಲ. ಅಳಿಯನಿಗೆ ಗೋದಾಮಿನ ಕೆಲಸ ಸಿಕ್ಕಿತ್ತು. ಸಂಜೆ ಬಂದವನು ಹಿರಿಯರ ಕಣ್ಣಿಗೆ ಬೀಳದಂತೆ ಹಿತ್ತಲ ಕಡೆಯಿಂದ ಒಳಗೆ ಬರುತ್ತಿದ್ದ. ಅವಳು ತಟ್ಟೆ ಕುಕ್ಕುವುದನ್ನು ಬಿಟ್ಟಿದ್ದಳು. ಬೇಕೆಂದು ಬಿಟ್ಟದ್ದಲ್ಲ, ಕುಕ್ಕುವಷ್ಟು ಕಸುವು ಉಳಿದಿರಲಿಲ್ಲ.

ಪಾಸ್ಟರು ವಿಚಾರಿಸಲು ಬಂದರು. ಹಿರಿಯರು ಏಳಲಿಲ್ಲ. ಪಾಸ್ಟರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಇದು ಪರೀಕ್ಷೆಯ ಕಾಲ, ಬೆಳೆಯುವವರಿಗೆಲ್ಲ ಇದು ತಪ್ಪದು ಎಂಬರ್ಥದಲ್ಲಿ ಮೆಲ್ಲನೆ ಹೇಳಿದರು. ಅವಳು ಮುಸುರೆ ತಿಕ್ಕುವುದನ್ನು ನಿಲ್ಲಿಸಿದಳು.

"ಪಾಸ್ಟರೇ, ಅವರಿನ್ನೂ ಅಳೋಕೇ ಶುರು ಮಾಡಿರಲಿಲ್ಲ. ಅಷ್ಟರಲ್ಲಿ ನೀವೆಲ್ಲ ಬೆಳೆದವರು ಅಂತ ಎತ್ತಿ ಮೇಲೆ ಕೂರಿಸಿದ್ರಿ. ಈಗ ಇಳಿಯೋಕೆ ಅವರಿಗೆ ದಾರಿ ಇಲ್ಲ."

ಪಾಸ್ಟರು ಒಳ್ಳೆಯ ಮನುಷ್ಯರು. ತಪ್ಪಾಯಿತಮ್ಮ ಎಂದು ಹೇಳಿ, ಪ್ರಾರ್ಥನೆಯನ್ನೂ ಮಾಡದೆ ಹೊರಟುಹೋದರು. ಅವರ ಮೇಲಿದ್ದ ಸಿಟ್ಟು ಅವಳಿಗೆ ಆಗಲೇ ಅರ್ಧ ಇಳಿಯಿತು.

ಪಾತ್ರೆ ಒರೆಸುತ್ತಿದ್ದ ಗುಬ್ಬಿ ಎಲ್ಲ ಕೇಳಿಸಿಕೊಂಡಿದ್ದಳು.

"ಅಜ್ಜಿ, ನೀನು ಅವರನ್ನ ಕ್ಷಮಿಸಿದೀಯಾ?"

"ಇಲ್ಲ."

"ಮತ್ತೆ ಯಾಕೆ ಬಡಿಸ್ತೀಯ?"

"ಕೆಲಸ ಮಾಡಿ ಬಂದಿರ್ತಾನಲ್ಲೇ. ಹಸಿವಾಗಿರುತ್ತೆ."

ಗುಬ್ಬಿ ಆ ಮಾತನ್ನು ಮನಸ್ಸಿಗೆ ಹಾಕಿಕೊಂಡಳೋ ಏನೋ. ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಅಪ್ಪನ ಊಟದ ತಟ್ಟೆಯನ್ನು ತಾನೇ ಎತ್ತಿಕೊಂಡು ಹೋದಳು. ಇಸ್ತ್ರಿಯಮ್ಮ ತಡೆಯಬೇಕೋ ಬಿಡಬೇಕೋ ತಿಳಿಯದೆ ಬಾಗಿಲಲ್ಲಿ ನಿಂತಳು. ಮಗಳು ತಟ್ಟೆ ಇಟ್ಟದ್ದನ್ನು ನೋಡಿ ಅವನು ಗಡಬಡಿಸಿ ಎದ್ದು ನಿಂತ. ಕೂತ್ಕೊಳ್ಳಿ ಎಂದಳು ಗುಬ್ಬಿ, ಹೊರಗಿನವರಿಗೆ ಹೇಳುವಂತೆ. ತಾನೂ ಎದುರಿಗೆ ಕೂತಳು. ಎಷ್ಟೋ ಕಾಲದಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದಳು.

"ಅಮ್ಮ ಕೊನೇಲಿ ಏನಾದ್ರೂ ಹೇಳಿದ್ಲಾ?"

ಸುಳ್ಳು ಹೇಳುವುದು ಅವನಿಗೆ ಎಷ್ಟು ಸುಲಭವಾಗಿತ್ತು. ನಿನ್ನ ಹೆಸರು ಹೇಳಿದಳು ಎಂದಿದ್ದರೆ ಸಾಕಿತ್ತು. ಇಸ್ತ್ರಿಯಮ್ಮ ಬಾಗಿಲಲ್ಲಿ ನಿಂತು, ಹೇಳಿಬಿಡೋ, ಏನಾದರೂ ಹೇಳಿಬಿಡೋ ಎಂದು ಒಳಗೊಳಗೇ ಬೇಡಿಕೊಂಡಳು.

"ನನಗೆ ನೆನಪಿಲ್ಲ ಪುಟ್ಟಿ," ಎಂದ. "ಕುಡಿದಿದ್ದೆ. ಅವಳು ಮಾತಾಡ್ತಾ ಇದ್ಲು. ಏನು ಅಂತ ನೆನಪಿಲ್ಲ."

"ಒಂದು ಮಾತೂ ಇಲ್ವಾ?"

"ಇಲ್ಲ."

ಗುಬ್ಬಿ ಎದ್ದು ಹೋಗಿ ಮುತ್ತಜ್ಜಿಯ ಹಾಸಿಗೆಯಲ್ಲಿ ಮುಸುಕು ಹಾಕಿಕೊಂಡಳು. ಅವನು ಊಟ ಮುಟ್ಟಲಿಲ್ಲ. ಮರುದಿನ ಗೋದಾಮಿನಿಂದ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಬಂದಾಗ ಗೋಡೆ ಹಿಡಿದುಕೊಂಡು ಬಂದ. ಹಿತ್ತಲಲ್ಲಿ ಬಿದ್ದು, ಬಟ್ಟೆಯ ಮೇಲೆಲ್ಲ ಕಾರಿಕೊಂಡ. ಆ ವಾಸನೆಗೆ ಹಿರಿಯರು ಎಷ್ಟೋ ದಿನದ ಮೇಲೆ ಹಾಸಿಗೆ ಬಿಟ್ಟು ಎದ್ದು ಬಂದರು. ಅವನ ಮೈಮೇಲೆ ಏರಿಹೋಗಲಿಲ್ಲ. ಒಮ್ಮೆ ಅವನನ್ನು, ಒಮ್ಮೆ ಹೆಂಡತಿಯನ್ನು ನೋಡಿ, ಗೆದ್ದವರಂತೆಯೂ ಅಲ್ಲದೆ ಸೋತವರಂತೆಯೂ ಅಲ್ಲದೆ ತಲೆಯಾಡಿಸಿ, ವಾಪಸ್ಸು ಹೋಗಿ ಮಲಗಿದರು. ಒಳಗೆ ಗುಬ್ಬಿ ಮುತ್ತಜ್ಜಿಯ ಕೋಣೆಯ ಚಿಲಕ ಹಾಕಿಕೊಂಡ ಸದ್ದು ಕೇಳಿತು. ಇಸ್ತ್ರಿಯಮ್ಮ ಬಕೆಟ್ಟು ನೀರು ತಂದು ಅವನ ಮುಖ, ಕುತ್ತಿಗೆ, ಕೈ ತೊಳೆದಳು. ಹೊದೆಯಲು ಹಳೇ ಕಂಬಳಿ ಎಸೆದಳು.

ಬೆಳಗ್ಗೆ ಅವನು ಆಗಲೇ ತನ್ನ ಚೀಲ ಕಟ್ಟಿಟ್ಟು ಹಿತ್ತಲ ಕಲ್ಲಿನ ಮೇಲೆ ಕೂತಿದ್ದ. ಅವಳು ಅವನ ಕೈಗೆ ಚಹಾ ಕೊಟ್ಟಳು.

"ಹೆಣ್ಣುಮಗು ಇರೋ ಮನೆ ಇದು. ಕುಡಿಯೋನಿಗೆ ಇಲ್ಲಿ ಜಾಗ ಇಲ್ಲ."

"ಗೊತ್ತು ಅತ್ತೆ."

"ಬಿಟ್ಟೆ ಅಂತ ನಿನಗೇ ಅನ್ನಿಸಿದ ದಿನ ಬಾ. ಬಾಗಿಲು ಹಾಕ್ಕೊಳಲ್ಲ ನಾನು."

ಅವನು ತಲೆಯಾಡಿಸಿದ. ಗೋದಾಮಿನ ಹತ್ತಿರವೇ ಮಲಗಲು ಜಾಗ ಸಿಗುತ್ತದೆ ಎಂದ. ಮುದುಕಿಗೆ ಹೇಳಿ ಹೋಗಲು ಒಳಗೆ ಹೆಜ್ಜೆಯಿಟ್ಟವನು ಚಿಲಕ ಹಾಕಿದ ಬಾಗಿಲು ನೋಡಿ ಹಿಂದಿರುಗಿದ. ಕುಂಟುತ್ತಾ ಬೀದಿ ದಾಟಿ ಹೋದ. ಇಷ್ಟು ದಿನ ಅವನು ಹೋದರೆ ಸಾಕೆನ್ನುತ್ತಿದ್ದ ಅವಳ ಕೈಯಲ್ಲಿ ಆ ದಿನ ಲಾಂಡ್ರಿಯಲ್ಲಿ ಎರಡು ಅಂಗಿ ಸುಟ್ಟವು. ಮಾಲೀಕನ ಬೈಗುಳ ಕಿವಿಗೇ ಬೀಳಲಿಲ್ಲ.

ಮನೆ ಹಗುರಾಗಲಿಲ್ಲ. ಹಿರಿಯರು ಅಂಗಡಿ ತೆರೆದರು, ಆದರೆ ಬರೀ ಕೂದಲು ಕತ್ತರಿಸುತ್ತಿದ್ದರು. ಗಡ್ಡ ಬೋಳಿಸಿ ಎಂದವರನ್ನು ಬೇರೆ ಕಡೆ ಕಳಿಸುತ್ತಿದ್ದರು. ಸಭೆಯ ಹಿರಿಯನ ಸ್ಥಾನ ಬೇಡವೆಂದು ಹೇಳಿಕಳಿಸಿದರು. ಊಟಕ್ಕೆ ಮುಂಚಿನ ಪ್ರಾರ್ಥನೆ ನಿಂತುಹೋಯಿತು. ಒಂದು ದಿನ ಇಸ್ತ್ರಿಯಮ್ಮ ತಾನೇ ಮಾಡಲು ಹೊರಟಳು. ತಂದೆಯೇ ಎಂದಳು, ಮುಂದಿನದು ಬರಲಿಲ್ಲ. ಇಷ್ಟು ವರ್ಷ ಗಂಡನ ಪ್ರಾರ್ಥನೆಗೆ ಆಮೆನ್ ಎಂದು ಅಭ್ಯಾಸವಾಗಿತ್ತೇ ಹೊರತು ತನ್ನದೆಂಬ ಮಾತು ಒಂದೂ ಇರಲಿಲ್ಲ. ಹಿರಿಯರು ಎದ್ದು ಹೋದರು. ಅವಳು ಕಣ್ಣು ಮುಚ್ಚಿ ಹಾಗೇ ಕೂತಳು. ನಿನ್ನ ಮೇಲೆ ನನಗೆ ಕೋಪವಿದೆ ಎಂದಳು ಕೊನೆಗೆ, ಗಟ್ಟಿಯಾಗಿಯೇ. ಅವನು ಎಲ್ಲಿದ್ದಾನೋ ನೋಡಿಕೋ ಎಂದಳು. ಅಷ್ಟೇ ಬಂತು. ಮುದುಕಿ ಅದಕ್ಕೂ ಆಮೆನ್ ಎಂದು ಊಟಕ್ಕೆ ಕೈ ಹಾಕಿತು.

ಲಾಂಡ್ರಿಗೆ ರಜೆಯಿದ್ದ ಮಂಗಳವಾರ ಅವಳು ಡಬ್ಬಿಗೆ ಅನ್ನ, ಹುರಿದ ಮೀನು ಹಾಕಿಕೊಂಡು ಗೋದಾಮಿಗೆ ಹೊರಟಳು. ಎಲ್ಲಿಗೆಂದು ಹಿರಿಯರು ಕೇಳಲಿಲ್ಲ. ಗೇಟಿನ ಕಾವಲುಗಾರ, ಆ ಕುಂಟನೇ, ಅವನು ಕೆಲಸ ಬಿಟ್ಟು ವಾರವಾಯಿತಲ್ಲ ಎಂದ. ಎಲ್ಲಿರುತ್ತಾನೆಂದು ಕೇಳಿದ್ದಕ್ಕೆ ಅವಳು ಸಭೆಗೆ ಉಡುವ ಬಿಳಿ ಸೀರೆಯನ್ನೂ ಕೊರಳಿನ ಶಿಲುಬೆಯನ್ನೂ ನೋಡಿ ಹಿಂದೆಮುಂದೆ ನೋಡಿದ. ಆಮೇಲೆ ರಸ್ತೆಯಾಚೆಯ ಸಾರಾಯಂಗಡಿಯ ಕಡೆ ಗದ್ದ ತೋರಿಸಿದ.

ಅಂಥ ಅಂಗಡಿಯ ಮುಂದೆ ಹಾಯುವಾಗ ಮುಖ ತಿರುಗಿಸಿ ನಡೆಯುವುದನ್ನು ಅವಳು ಚಿಕ್ಕಂದಿನಲ್ಲೇ ಕಲಿತಿದ್ದಳು. ಈಗ ಬಾಗಿಲ ಪರದೆ ಸರಿಸಿ ಒಳಗೆ ಹೋದಳು. ಹಗಲಲ್ಲೂ ಕತ್ತಲಿತ್ತು. ಗಂಡಸರು ಲೋಟ ಹಿಡಿದ ಕೈ ಹಾಗೇ ನಿಲ್ಲಿಸಿ ಅವಳನ್ನು ನೋಡಿದರು. ಅವನು ಮೂಲೆಯ ಮೇಜಿನಲ್ಲಿದ್ದ. ಗಡ್ಡ ಮತ್ತೆ ಬೆಳೆದಿತ್ತು. ಅವಳು ಎದುರಿನ ಕುರ್ಚಿ ಎಳೆದು ಕೂತು ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಊಟ ತಂದಿದೀನಿ."

ಅವನು ತಲೆ ಎತ್ತಲಿಲ್ಲ.

"ನನ್ನನ್ನ ಬಿಟ್ಟುಬಿಡಿ ಅತ್ತೆ. ನಿಮಗೆ ಕೈಮುಗೀತೀನಿ."

"ಬಿಡೋಕೆ ನಾನೆಲ್ಲಿ ಹಿಡ್ಕೊಂಡಿದೀನಿ. ಊಟ ಮಾಡು."

ಅವನು ಲೋಟ ಎತ್ತಿ ಕುಡಿದ. ಅವಳಿಗೆ ತೋರಿಸುವಂತೆ, ಗುಟುಕು ಗುಟುಕಾಗಿ ಮುಗಿಸಿದ. ಇನ್ನೊಂದು ತರಿಸಿದ. ಅದನ್ನೂ ಕುಡಿದ. ಹೊಡೆಯಲೋ ಅಳಲೋ ಎಂಬಂತೆ ಅವಳ ಕೈ ಮೇಜಿನ ಅಂಚು ಹಿಡಿದಿತ್ತು. ಏನೂ ಮಾಡಲಿಲ್ಲ. ತನ್ನ ಮಗಳು ಈ ಮುಖವನ್ನು ಪ್ರೀತಿಸಿದ್ದಳೆಂಬುದು ಆಗ ನೆನಪಾಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ, ಇನ್ನಷ್ಟು ಸಂಕಟವೇ ಆಯಿತು. ಅವನು ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಕೂತಿದ್ದಳು. ಸುತ್ತಲಿನವರು ಅವಳನ್ನು ಮರೆತು ತಮ್ಮ ಮಾತಿಗೆ ಹಿಂದಿರುಗಿದರು.

ಎದ್ದು, ಗಲ್ಲಾದ ಹತ್ತಿರ ಹೋದಳು. ಅಂಗಡಿಯವನು ಬೈಗುಳ ಕೇಳಲು ಸಿದ್ಧನಾಗಿ ನಿಂತ.

"ಭಾನುವಾರ ತೆಗೆದಿರ್ತೀರಾ?"

"ಮಧ್ಯಾಹ್ನದ ಮೇಲೆ ತೆಗೀತೀವಮ್ಮ."

"ಸರಿ. ಆರಾಧನೆ ಮುಗಿಸ್ಕೊಂಡು ಬರ್ತೀನಿ. ಅವನಿಗೆ ಎಚ್ಚರ ಆದ್ರೆ ಊಟ ಅಲ್ಲೇ ಇದೆ ಅಂತ ಹೇಳಿ."

ಬೀದಿಗೆ ಬಂದು ಒಮ್ಮೆ ತಿರುಗಿ ನೋಡಿದಳು. ಪರದೆಯ ಸಂದಿನಲ್ಲಿ ಮೇಜು ಕಾಣುತ್ತಿತ್ತು. ಅವನಿಗೆ ಎಚ್ಚರವಾಗಿತ್ತು. ಅವನು ಡಬ್ಬಿಯನ್ನು ತೆರೆಯದೆ ಮೇಜಿನ ಆ ತುದಿಗೆ ತಳ್ಳುತ್ತಿದ್ದ.